ನಜಲಾ, ನದರ ಮತ್ತು ಒಂಟಿ ಸೀನು

ಕಮಲಾಪುರದ ನಮ್ಮ ಅತ್ತೆಯ ಮನೆಯಲ್ಲಿ ಬೆಕ್ಕಿನ ಮರಿಯೊಂದು ಸೀನಿತು. ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿ ನಿಜಾಮನ ವಿರುದ್ಧ ಬಂದೂಕು ಹಿಡಿಯುತ್ತೇವೆಂದು ಹಣೆತುಂಬ ವಿಭೂತಿ ಬಳಿದುಕೊಂಡು ಹೊರಟಿದ್ದ ಮೂವರು ಗಂಡಸರು ಚಪ್ಪಲಿ ಬಿಟ್ಟು ಮತ್ತೆ ಕಟ್ಟೆಯ ಮೇಲೆ ಕೂತರು. ಒಂಟಿ ಸೀನು. ಹೊರಡುವಾಗ ಒಂದು ಸೀನು ಬಿದ್ದರೆ ಕೆಲಸ ಕೆಡುತ್ತದೆ, ಎರಡು ಬಿದ್ದರೆ ಅಡ್ಡಿಯಿಲ್ಲ ಎಂದು ನಮ್ಮ ಕಡೆಯ ಲೆಕ್ಕ. ಮರಿ ಎರಡನೆಯ ಸಲ ಸೀನಲಿಲ್ಲ. ಸೀನಿದ್ದರೂ ಅವರು ಹೋಗುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ. ಮಾರನೆಯ ದಿನವೂ ಹೊರಟರು, ಮಾರನೆಯ ದಿನವೂ ಕೂತರು. ಅಷ್ಟು ಹೊತ್ತಿಗೆ ಸೀನುವ ಮರಿಗಳು ಎರಡಾಗಿದ್ದವು.

ಅವರು ಅತ್ತೆಯ ಓಣಿಯವರು. ಬೆಳಿಗ್ಗೆಯಿಂದ ಸಂಜೆಯವರೆಗೆ ಅತ್ತೆಯ ಮನೆಯ ಮುಂದಿನ ಕಟ್ಟೆಯೇ ಅವರ ಕಚೇರಿ. ನಿಜಾಮನ ರಾಜ್ಯ ಹೇಗೆ ಬೀಳುತ್ತದೆ, ಯಾವ ಕಡೆಯಿಂದ ಬೀಳುತ್ತದೆ, ಬಿದ್ದಾಗ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ದಿನಕ್ಕೊಂದು ತೀರ್ಪು ಕೊಡುತ್ತಿದ್ದರು. ಅತ್ತೆ ನಮ್ಮಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಜೋಳ, ತೊಗರಿ ತುಂಬಿದ ಆ ಮನೆಯನ್ನು ಒಬ್ಬಳೇ ಆಳಿದವಳು. ಇಲಿಗಳ ಕಾಟಕ್ಕೆಂದು ಅವಳು ಸಾಕಿದ ಬೆಕ್ಕು ನಾಲ್ಕು ಮರಿ ಹಾಕಿತ್ತು.

ನಾನು ಅಲ್ಲಿಗೆ ಬಂದದ್ದೂ ಒಂದು ಜಾಣತನದ ಫಲವೇ. ಕಲಬುರಗಿಯ ನನ್ನ ಕಾಲೇಜು ಮುಚ್ಚಿತ್ತು. ಶಹಾಬಜಾರದ ನಮ್ಮ ಮನೆಗೆ ಅಪಾಯವಿದೆ, ಕಮಲಾಪುರ ಸುರಕ್ಷಿತ ಎಂದು ಅಪ್ಪ ನನ್ನನ್ನು ಮೋಟರು ಹತ್ತಿಸಿದರು. ಅದೇ ವಾರ ಕಮಲಾಪುರದವರು ಕಲಬುರಗಿ ಸುರಕ್ಷಿತ ಎಂದು ಗಂಟುಮೂಟೆ ಕಟ್ಟುತ್ತಿದ್ದರು. ಎರಡೂ ಕಡೆಯ ಬಂಡಿಗಳು ಒಂದೇ ರಸ್ತೆಯಲ್ಲಿ ಎದುರುಬದುರಾಗಿ ಬಂದವು. ಈ ಬಂಡಿಯವರು ಆ ಬಂಡಿಯವರನ್ನು ದಡ್ಡರೆಂದು ನೋಡಿದರು, ಆ ಬಂಡಿಯವರು ಈ ಬಂಡಿಯವರನ್ನು. ಇಬ್ಬರ ಎಣಿಕೆಯೂ ತಪ್ಪಿರಲಿಲ್ಲ.

ಬಂದ ದಿನವೇ ನಾನು ಮರಿಗಳನ್ನು ಎತ್ತಿ ಆಡಿಸಿದೆ. ಐದಾರು ದಿನಕ್ಕೆ ಕರಿ ಮರಿ ಸೀನತೊಡಗಿತು. ಮೊದಲು ಕಣ್ಣು ಮೂಗಿನಿಂದ ತಿಳಿನೀರು. ಆಮೇಲೆ ಆ ನೀರು ಗಟ್ಟಿಯಾಗಿ ಹಳದಿಯಾಯಿತು. ರೆಪ್ಪೆಗಳು ಅಂಟು ಬಳಿದಂತೆ ಮುಚ್ಚಿಕೊಂಡವು. ಹಾಲಿನ ಬಟ್ಟಲಿನ ಮುಂದೆ ಕೂರಿಸಿದರೆ ಬಟ್ಟಲು ಅಲ್ಲಿದೆ ಎಂಬುದೇ ಅದಕ್ಕೆ ತಿಳಿಯದು. ಒಂದರಿಂದ ಒಂದಕ್ಕೆ ಹತ್ತಿ ನಾಲ್ಕೂ ಮಲಗಿದವು.

ಕಟ್ಟೆಯ ಪಂಡಿತರು ಕಾರಣ ಹುಡುಕಿದರು. ತಾಯಿ ಬೆಕ್ಕು ಹಲ್ಲಿ ತಿಂದಿದೆ ಎಂದ ಒಬ್ಬ. ಮರಿಗಳ ಕೊರಳಿಗೆ ಕರ್ಪೂರ ಕಟ್ಟಿರೆಂದ ಇನ್ನೊಬ್ಬ. ಬೆಕ್ಕು ಸೀನುವುದೆಂದರೆ ರಾಜ್ಯಕ್ಕೇ ಕೇಡು ಎಂದ ಮೂರನೆಯವನು. ಈ ಮಾತನ್ನು ಮಾತ್ರ ಸಂತೋಷದಿಂದ ಹೇಳಿದ. ಅತ್ತೆ ಕರ್ಪೂರ ಕಟ್ಟಿದಳು. ವಾರಕ್ಕೊಮ್ಮೆ ಬರುವ ಸಲೋತ್ರಿ, ಅಂದರೆ ಸರಕಾರದ ದನದ ವೈದ್ಯ, ಬಂದಾಗ ನಾನು ಮರಿಯನ್ನು ಮಡಿಲಲ್ಲಿಟ್ಟುಕೊಂಡು ಹೋದೆ. ಅವನು ಮುಟ್ಟಲೂ ಇಲ್ಲ.

"ಕುದುರಿ ಇದ್ರ ತಗೊಂಡ ಬಾ," ಎಂದ. ಸುತ್ತ ನಿಂತವರೆಲ್ಲ ನಕ್ಕರು. ಅಂದೇ ಕರಿ ಮರಿ ಸತ್ತಿತು.

ಉಳಿದ ಮೂರರಲ್ಲಿ ಬೂದು ಬಣ್ಣದ್ದು ಎಲ್ಲಕ್ಕಿಂತ ಸೋತಿತ್ತು. ಅದನ್ನು ಬಾಳೆಹಣ್ಣಿನ ಬುಟ್ಟಿಯಲ್ಲಿಟ್ಟು, ಮೇಲೆ ಬಾಳೆ ಎಲೆ ಮುಚ್ಚಿ, ನಾನು ಕಲಬುರಗಿಗೆ ಹೊರಟೆ. ಕಾಲೇಜಿಗೆ ಹೋಗುವಾಗ ದರ್ಗಾದ ಓಣಿಯಾದ ರೋಜಾದ ಹತ್ತಿರ ಒಬ್ಬ ಮುದಿ ಹಕೀಮರು ಅಂಗಡಿಯ ಮೆಟ್ಟಿಲ ಮೇಲೆ ಕೂತು ದರ್ಗಾದ ಬೆಕ್ಕುಗಳ ಕಣ್ಣು ಒರೆಸುವುದನ್ನು ನೋಡಿದ್ದೆ.

"ಊರ ಮಂದಿಯೆಲ್ಲಾ ಜೀವಾ ಕೈಯಾಗ ಹಿಡ್ಕೊಂಡ ಕುಂತಾರ, ನೀ ಬೆಕ್ಕ ಹಿಡ್ಕೊಂಡ ಹೊಂಟೀದಿ," ಎಂದಳು ಅತ್ತೆ. "ಇದಕ್ಕೇನು ನಿಮ್ಮಪ್ಪ ನಿನಗ ಕಾಲೇಜಿಗಿ ಹಾಕಿದ್ದು?"

ಬುಟ್ಟಿಯೊಳಗಿಂದ ಒಂದು ಸೀನು ಬಂತು. ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ನಾನು ಇನ್ನೊಂದು ಸೀನಿಗಾಗಿ ಕಾಯದೆ ಹೊರಗೆ ನಡೆದೆ. ಆ ವಾರ ಆ ಓಣಿಯಲ್ಲಿ ಒಂಟಿ ಸೀನು ದಾಟಿ ಹೊರಟವನು ನಾನೊಬ್ಬನೇ ಎಂದು ಮೋಟರಿನಲ್ಲಿ ಕೂತು ಬೀಗಿದೆ. ಬರುವಾಗ ಆ ಹೆಮ್ಮೆ ಉಳಿಯಲಿಲ್ಲ.

ಹಕೀಮರು ಮರಿಯನ್ನು ಬೆಳಕಿಗೆ ಹಿಡಿದರು. ಕೊರಳಿನ ಕರ್ಪೂರದ ಗಂಟನ್ನು ಮೂಸಿ, ಕಿತ್ತು, ಬೀದಿಗೆ ಎಸೆದರು. ಬಾಯಿ ತೆರೆದು ನಾಲಿಗೆಯ ಮೇಲಿನ ಸಣ್ಣ ಹುಣ್ಣುಗಳನ್ನು ನನಗೆ ತೋರಿಸಿದರು.

"ನಜಲಾ," ಎಂದರು. "ಆದಮಿಗಿ ನೆಗಡಿ ಬರ್ತದಲ್ಲ, ಹಂಗ ಬಿಲ್ಲಿಗೂ ಬರ್ತದ. ಮಗರ್ ಬಿಲ್ಲಿ ನಜಲಾ ಬ್ಯಾರೆ. ನಿನಗ ಹತ್ತಂಗಿಲ್ಲ, ಅಂಜಬ್ಯಾಡ. ಬಿಲ್ಲಿಯಿಂದ ಬಿಲ್ಲಿಗಿ ಹತ್ತತದ. ಬಟ್ಟಲದಿಂದ ಹತ್ತತದ, ಕೈಯಿಂದ ಹತ್ತತದ. ಇವಕ್ಕ ಮುಟ್ಟೋಕಿಂತ ಮೊದಲ ಬ್ಯಾರೆ ಯಾವ ಬಿಲ್ಲಿಗಿ ಮುಟ್ಟಿದ್ದಿ, ಬೇಟಾ?"

ನನಗೆ ಶಹಾಬಜಾರದ ನಮ್ಮ ಓಣಿಯ ಬೆಕ್ಕು ನೆನಪಾಯಿತು. ಮೋಟರು ಹತ್ತುವ ಮುಂಚೆ ಅದರ ತಲೆ ಸವರಿದ್ದೆ. ಅದರ ಒಂದು ಕಣ್ಣು ಪಿಸುರುಗಟ್ಟಿತ್ತು. ಅದೇ ಕೈಯಲ್ಲಿ, ಅದೇ ಅಂಗಿಯಲ್ಲಿ ಅತ್ತೆಯ ಮರಿಗಳನ್ನು ಎದೆಗೆ ಒತ್ತಿಕೊಂಡಿದ್ದೆ. ರೋಗಾಣು ಎಂದರೇನು ಎಂದು ಕಾಲೇಜಿನಲ್ಲಿ ಉರ್ದುವಿನಲ್ಲಿ ಮೂರು ಪುಟ ಬರೆದು ಶಭಾಷ್ ಅನ್ನಿಸಿಕೊಂಡವನು ನಾನು. ಹಲ್ಲಿ ತಿಂದದ್ದಲ್ಲ, ರಾಜ್ಯದ ಕೇಡೂ ಅಲ್ಲ. ಮನೆಗೆ ಕೇಡು ತಂದದ್ದು ಓದಿದವನ ಕೈ. ಬೂದು ಮರಿಯನ್ನಾದರೂ ಉಳಿಸದೆ ಅತ್ತೆಯ ಮುಖ ನೋಡಬಾರದು ಎಂದು ಅಲ್ಲೇ ಅಂದುಕೊಂಡೆ.

ಹಕೀಮರು ಮಾಡಿ ತೋರಿಸಿದರು. ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು. ಅದರಲ್ಲಿ ಅರಳೆ ಅದ್ದಿ, ಅಂಟಿದ ರೆಪ್ಪೆಯ ಮೇಲೆ ಸ್ವಲ್ಪ ಹೊತ್ತು ಇಟ್ಟು, ಮೂಗಿನ ಕಡೆಯಿಂದ ಹೊರಕ್ಕೆ ಒರೆಸುವುದು. ಒಂದು ಕಣ್ಣಿಗೆ ಮುಟ್ಟಿಸಿದ ಅರಳೆ ಇನ್ನೊಂದಕ್ಕೆ ಕೂಡದು, ನೇರ ಒಲೆಗೆ. ದಿನಕ್ಕೆ ಮೂರು ಸಲ ಬಿಸಿನೀರಿನ ಹಬೆ ತುಂಬಿದ ಬಚ್ಚಲಿನಲ್ಲಿ ಕೂರಿಸಬೇಕು. ಬಾಯಿಗೆ ಹಾಲು ಸುರಿಯಬಾರದು, ಎದೆಗೆ ಹೋಗುತ್ತದೆ. ಕೆನ್ನೆಯ ಪಕ್ಕದಿಂದ ಹನಿಹನಿ.

"ಹೊಗಿ ಬ್ಯಾಡ. ಲೋಬಾನ್ ಬ್ಯಾಡ, ಕರ್ಪೂರ ಬ್ಯಾಡ. ಬಾಯಿ ತೆರೆದು ಉಸಿರಾಡ್ಲಾಕತ್ತಿತಂದ್ರ ಎದಿಗಿ ಇಳೀತು ಅಂತ ತಿಳ್ಕೊ. ಆವಾಗ ದುವಾ ಮಾಡು, ಧುವಾಂ ಮಾಡಬ್ಯಾಡ." ಪ್ರಾರ್ಥನೆ ಮಾಡು, ಹೊಗೆ ಹಾಕಬೇಡ ಎಂದು. ತಮ್ಮ ಮಾತಿಗೆ ತಾವೇ ನಕ್ಕರು. "ಮೂಗ ಬಂದ್ ಆದ್ರ ಬಿಲ್ಲಿಗಿ ಹಸಿವೇ ತಿಳ್ಯಂಗಿಲ್ಲ. ವಾಸನಿ ಹತ್ತಿದ್ರ ತಿಂತದ. ಯಖನಿ ಬೆಚ್ಚಗ ಮಾಡಿ ಮುಂದ ಇಡು."

ಯಖನಿ ಎಂದರೆ ಎಲುಬು ಕುದಿಸಿದ ತಿಳಿಸಾರು. "ನಮ್ಮ ಮನ್ಯಾಗ ಮಾಂಸ ನಡ್ಯಂಗಿಲ್ರಿ," ಎಂದೆ.

"ಈ ಮಾತ ಬಿಲ್ಲಿಗಿ ಹೇಳಿದ್ದೀ ಏನು?" ಎಂದು ಕೇಳಿ, ಎಲ್ಲವನ್ನೂ ಒಂದು ಕಾಗದದಲ್ಲಿ ಉರ್ದುವಿನಲ್ಲಿ ಬರೆದು ಕೊಟ್ಟರು.

ಹಿಂದಿರುಗುವಾಗ ಅರ್ಧ ದಾರಿಯಲ್ಲಿ ಮೋಟರನ್ನು ನಿಲ್ಲಿಸಿದರು. ಖಾಕಿ ಅಂಗಿ, ಬಂದೂಕು. ಆ ಕಾಲದಲ್ಲಿ ನಿಜಾಮನ ಹೆಸರಿನಲ್ಲಿ ರಸ್ತೆಗೆ ತಾವೇ ಯಜಮಾನರಾದವರು. ನನ್ನ ಮುಂದಿನ ಸಾಲಿನ ಇಬ್ಬರು ರೈತರನ್ನು ಕೆಳಗಿಳಿಸಿದರು. ಒಬ್ಬ ನನ್ನ ಬುಟ್ಟಿ ನೋಡಿ, ಕಮಲಾಪುರದ ಕೆಂಪು ಬಾಳೆಹಣ್ಣಿನ ಆಸೆಗೆ ಎಲೆಯ ಕೆಳಗೆ ಕೈ ಹಾಕಿದ. ಮರಿ ಅವನ ಕೈ ಮೇಲೆ ಸೀನಿತು.

ಅವನು ಕೈ ಹೊರಗೆ ತೆಗೆದು, ಬೆರಳಿಗೆ ಅಂಟಿದ್ದನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಆ ನೋಟ ಎಷ್ಟು ಹೊತ್ತಿನದು ಎಂದು ನಾನು ಇವತ್ತಿಗೂ ಅಳೆಯುತ್ತೇನೆ. ಒಂದೊಂದು ಸಲ ಒಂದೊಂದು ಅಳತೆ. ಬೆರಳನ್ನು ನನ್ನ ಅಂಗಿಗೆ ಒರೆಸಿ, ಜೇಬು ತಡಕಿ, ಕಾಗದ ತೆಗೆದ. ಗುಪ್ತ ಚೀಟಿ ಸಿಕ್ಕಿತೆಂದು ಉಳಿದವರೂ ಸುತ್ತ ನೆರೆದರು. ಅವನು ಗಟ್ಟಿಯಾಗಿ ಓದಿದ: ಉಪ್ಪು ನೀರು, ಅರಳೆ, ಹಬೆ, ಯಖನಿ. ಓದುತ್ತ ಓದುತ್ತ ದನಿ ಇಳಿಯಿತು.

"ಬಿಲ್ಲೀಕೋ ನಜಲಾ?" ಎಂದು ಕೇಳಿದ. ತಲೆಯಾಡಿಸಿದೆ. ಎಲ್ಲರೂ ನಕ್ಕರು, ಅವನು ನಗಲಿಲ್ಲ. "ನಮ್ಮ ಮನ್ಯಾಗೂ ಒಂದ್ ಅದ," ಎಂದು ಕಾಗದ ಮಡಚಿ ತನ್ನ ಜೇಬಿಗಿಟ್ಟುಕೊಂಡ.

ಮೋಟರು ಬಿಟ್ಟಿತು. ಕೆಳಗಿಳಿಸಿದ ಇಬ್ಬರು ರಸ್ತೆಯ ಪಕ್ಕದಲ್ಲಿ ಕೈ ಕಟ್ಟಿ ನಿಂತೇ ಇದ್ದರು. ಒಬ್ಬನ ಚಪ್ಪಲಿ ಮೋಟರಿನೊಳಗೆ, ನನ್ನ ಕಾಲ ಹತ್ತಿರ ಉಳಿದಿತ್ತು. ನಾನು ಅದನ್ನು ಕಿಟಕಿಯಿಂದ ಎಸೆಯಬಹುದಿತ್ತು. ಎಸೆಯಲಿಲ್ಲ. ಬೆಕ್ಕಿಗೆ ಕರುಣೆ ತೋರಿಸಿದ ಮನುಷ್ಯ ಎಂದು ಆ ಬಂದೂಕಿನವನ ಬಗ್ಗೆ ಯಾರಾದರೂ ಕಥೆ ಕಟ್ಟಿದರೆ, ಆ ಚಪ್ಪಲಿಯನ್ನೂ ಕಥೆಯಲ್ಲಿ ಸೇರಿಸಲಿ.

ಮನೆ ಮುಟ್ಟುವಾಗ ನನ್ನ ಹಲ್ಲುಗಳು ಕಟಕಟ ಹೊಡೆದುಕೊಳ್ಳುತ್ತಿದ್ದವು. ಅತ್ತೆ ಓಡಿಬಂದು, "ಏನಂದ ಹಕೀಮ?" ಎಂದು ಕೇಳಿದಳು. "ನಜಲಾ" ಎಂದು ಹೇಳಹೋದೆ. ನಡುಗುವ ದವಡೆಯಲ್ಲಿ ಮಾತಿನ ಬಾಲ ಮುರಿಯಿತು. ಅವಳಿಗೆ ಕೇಳಿಸಿದ್ದು "ನಜರ".

"ನದರ!" ಎಂದಳು, ನಮ್ಮ ಕಡೆ ದೃಷ್ಟಿಗೆ ಅನ್ನುವ ಮಾತು. ಅವಳ ಮುಖ ಬೆಳಗಿತು. "ನಾ ಅವತ್ತೇ ಅಂದಿದ್ದಿಲ್ಲಾ? ನಿನಗೂ ಹತ್ತೇದ ನೋಡು, ಹೆಂಗ ನಡಗ್ಲಾಕತ್ತೀದಿ!"

ತಡೆಯುವಷ್ಟರಲ್ಲಿ ಒಂದು ಹಿಡಿ ಒಣ ಮೆಣಸಿನಕಾಯಿ, ಉಪ್ಪು ನನ್ನ ಮೇಲಿಂದಲೂ ಮರಿಗಳ ಮೇಲಿಂದಲೂ ನಿವಾಳಿಸಿ ಕೆಂಡದ ಮೇಲೆ ಹಾಕಿದಳು. ಬಾಗಿಲು ಮುಚ್ಚಿತ್ತು. ಆ ಘಾಟಿಗೆ ಕಟ್ಟೆಯ ಮೇಲಿನ ಮೂವರೂ ಕೆಮ್ಮುತ್ತ ಎದ್ದು ಓಡಿದರು. ಅಷ್ಟು ದಿನದಲ್ಲಿ ಅವರು ನಿಜವಾಗಿ ಹೊರಟದ್ದು ಅದೊಂದೇ ಸಲ. ನಾನು ಬುಟ್ಟಿಯನ್ನು ಎದೆಗಪ್ಪಿ ಹಿತ್ತಿಲಿಗೆ ಓಡಿದೆ. ಒಳಗೆ ಉಳಿದ ಎರಡು ಮರಿಗಳು ಸಂಜೆಯೊಳಗೆ ಬಾಯಿ ತೆರೆದು ಉಸಿರಾಡತೊಡಗಿದವು. ಬೆಳಿಗ್ಗೆ ಎರಡೂ ಇರಲಿಲ್ಲ. ಹೊಗೆ ಕೊಂದಿತೋ, ರೋಗವೇ ಕೊಂದಿತೋ ನಾನು ಹೇಳಲಾರೆ. ಅತ್ತೆ ಮಾತ್ರ, "ಕೆಟ್ಟ ನದರ ಇತ್ತು, ಎರಡು ಜೀವಾ ತಗೊಂಡು ಹೋಯ್ತು," ಎಂದು ತೀರ್ಮಾನಿಸಿದಳು.

"ನಾ ಅಂದಿದ್ದು ನಜಲಾ, ಅತ್ತಿ. ಮೂಗಿನ ಬ್ಯಾನಿ. ಹೊಗಿ ಹಾಕಬ್ಯಾಡ ಅಂದಿದ್ರು."

"ಹಂಗಾದ್ರ ಛಂದಗೆ ಬಾಯಿ ಬಿಟ್ಟು ಹೇಳಬೇಕಿತ್ತು," ಎಂದಳು. ಆದರೆ ಆಮೇಲೆ ಹಂಡೆಗೆ ನೀರು ತುಂಬಿ ಉರಿ ಹಾಕಿದವಳು ಅವಳೇ.

ಬೂದು ಮರಿಯ ಕಣ್ಣು ಒರೆಸಿದೆ, ಹಬೆಯಲ್ಲಿ ಕೂರಿಸಿದೆ, ಒರಟು ಕಂಬಳಿಯಲ್ಲಿ ಸುತ್ತಿ ಒಲೆಯ ಹತ್ತಿರ ಇಟ್ಟೆ. ಮೂಗು ಸ್ವಲ್ಪ ಬಿಟ್ಟಿತು. ತಿನ್ನಲು ಮಾತ್ರ ಒಲ್ಲದು. ಹಾಲು, ಕಾಯಿಸಿದ ತುಪ್ಪ, ಬೆಣ್ಣೆ ಎಲ್ಲಕ್ಕೂ ಮುಖ ತಿರುಗಿಸಿತು. ಎತ್ತಿದರೆ ಬರೀ ತುಪ್ಪಳದ ತೂಕ. ಕಡೆಗೆ ಯಖನಿಯ ಮಾತು ತೆಗೆದೆ. ಅತ್ತೆ ಕೊರಳ ಲಿಂಗವನ್ನು ಹಿಡಿದುಕೊಂಡು ನನ್ನನ್ನು ನೋಡಿದ ನೋಟಕ್ಕೆ ಆ ಬಂದೂಕಿನವನೂ ಹಿಂದೆ ಸರಿಯುತ್ತಿದ್ದ.

ಹಿತ್ತಿಲ ಗೋಡೆಯ ಆಚೆ ಒಬ್ಬ ಮುಸಲ್ಮಾನ ಮುದುಕಿ ಇದ್ದಳು. ಕೌದಿ ಹೊಲಿದು ಬದುಕುವವಳು, ಒಂಟಿ. ಓಣಿಗೆಲ್ಲ ಅವಳು ಬೂಬು. ಬೇವಿನ ಟೊಂಗೆಯೊಂದು ಯಾರದೆಂಬ ವಿಷಯದಲ್ಲಿ ಅವಳಿಗೂ ಅತ್ತೆಗೂ ಇಪ್ಪತ್ತು ವರ್ಷದ ಜಗಳ. ನಮ್ಮ ಮಾತು ಅವಳ ಕಿವಿಗೆ ಬಿದ್ದಿತ್ತು.

"ಏ ಅಕ್ಕಾ, ನಿನ್ನ ಮಡಿ ನೀನೇ ಇಟ್ಕೊ," ಎಂದು ಗೋಡೆಯ ಮೇಲಿಂದ ಕೂಗಿದಳು. "ಮರಿಗಿ ಗ್ವಾಡಿ ಮ್ಯಾಲ ತಂದು ಕುಂದರಸು. ಬಟ್ಟಲ ನನ್ನ ಕೈಯಾಗ ಇರ್ತದ."

ಅತ್ತೆ ಬೇವಿನ ಟೊಂಗೆಯನ್ನು ಒಮ್ಮೆ ನೋಡಿದಳು. "ಗ್ವಾಡಿ ಮ್ಯಾಲ ಏನ್ ನಡೀತದೋ ಅದು ನನ್ನ ಮನ್ಯಾಗ ನಡೆದಂಗಲ್ಲ," ಎಂದು ಹೇಳಿ ಒಳಗೆ ಹೋದಳು.

ಗೋಡೆಯ ಮೇಲೆ ಕೂತ ಮರಿಯ ಮೂಗಿಗೆ ಬೂಬು ಬೆಚ್ಚಗಿನ ಯಖನಿ ಒಂದು ಹನಿ ಸವರಿದಳು. ಅದು ನೆಕ್ಕಿತು. ತಲೆಯೆತ್ತಿ, ಕುರುಡು ಮುದುಕರಂತೆ ಗಾಳಿಯಲ್ಲಿ ಏನನ್ನೋ ಹುಡುಕಿತು. ಆಮೇಲೆ ಬಟ್ಟಲಿಗೆ ಮೂತಿ ಹಾಕಿತು. ನಾಲ್ಕು ದಿನ ಹೀಗೆ ನಡೆಯಿತು. ನಾಲ್ಕನೆಯ ದಿನ ಅದು ಸೀನುವುದು ನಿಂತಿತು.

ಅಷ್ಟರಲ್ಲಿ ತಲೆಯ ಮೇಲೆ ವಿಮಾನಗಳು ಹಾದವು. ಹುಮನಾಬಾದಿನ ಕಡೆ ಧೂಳೆದ್ದಿತು. ಪೊಲೀಸ್ ಆ್ಯಕ್ಷನ್ ಎಂದರು. ಕೆಲವೇ ದಿನಗಳಲ್ಲಿ ನಿಜಾಮನ ಸೈನ್ಯ ಶರಣಾಯಿತು, ಖಾಕಿ ಅಂಗಿಗಳು ಒಂದೇ ಹಗಲಿನಲ್ಲಿ ಮಾಯವಾದವು. ಮತ್ತು ನಮ್ಮ ಕಟ್ಟೆಯ ಮೂವರು ಎದ್ದು ನಿಂತರು. ವೈರಿ ಇದ್ದಾಗ ಮರಿ ಸೀನಿದರೆ ಕೂತವರು, ವೈರಿ ಓಡಿದ ಮೇಲೆ ಶೂರರಾದರು. ಕೈಗೆ ಕೊಡಲಿ ಬಂತು, ಹಿಂದೆ ಹತ್ತು ಜನರೂ ಬಂದರು. ಬಂದೂಕಿನವರು ಸಿಗಲಿಲ್ಲ, ಸಿಕ್ಕವರು ಕೌದಿ ಹೊಲಿಯುವವರು, ಟಾಂಗಾದವರು, ಬಳೆಗಾರರು.

ಮಧ್ಯಾಹ್ನ ಓಣಿಯ ತುದಿಯಲ್ಲಿ ಕೂಗು ಕೇಳಿದಾಗ ಬೂಬು ಗೋಡೆಯ ಹತ್ತಿರ ನಿಂತಿದ್ದಳು, ಬಟ್ಟಲು ಹಿಡಿದು. ಅತ್ತೆ ಏಣಿ ಇಟ್ಟಳು. ಮುದುಕಿಯನ್ನು ಈಚೆ ಇಳಿಸಿ, ತೊಗರಿಯ ಕೋಣೆಯಲ್ಲಿ ಚೀಲಗಳ ಹಿಂದೆ ಕೂರಿಸಿ, ಮರಿಯನ್ನು ಅವಳ ಮಡಿಲಿಗೆ ಹಾಕಿದಳು.

"ಕೆಮ್ಮು ಬಂದ್ರ ತಡ್ಕೊ. ತಡೀಲಿಲ್ಲಂದ್ರ ಮರೀದು ಅಂತೀನಿ."

ಅದೇ ಮೂವರು ಬಾಗಿಲಿಗೆ ಬಂದರು. ಹಿಂದೆ ಉಳಿದವರು.

"ಬೂಬು ಎಲ್ಲಿ ಹೋದ್ಲು, ಅವ್ವಾ?"

"ಇಪ್ಪತ್ತ ವರ್ಷ ಆಕಿ ಕೂಡ ಜಗಳಾಡೀನಿ. ಹೋಗೋ ಮುಂದ ನನಗ ಹೇಳಿ ಹೋಗ್ತಾಳೇನೋ?"

ಆಗ ಒಳಗಿನಿಂದ ಸೀನು ಬಂತು. ಒಂದೇ. ತೊಗರಿಯ ಧೂಳು ಯಾರನ್ನೂ ಬಿಡುವುದಿಲ್ಲ.

"ಯಾರದು?"

"ಮರಿ," ಎಂದಳು ಅತ್ತೆ. "ಓಣಿಗೆಲ್ಲಾ ಗೊತ್ತಿದ್ದಿದ್ದೇ."

"ಮರಿ ಇಷ್ಟ ಜೋರ ಸೀನ್ತದಾ?"

"ಕಾಲೇಜ ಓದ್ದವ ಇಲ್ಲೇ ನಿಂತಾನ. ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ದವಡೆ ಮತ್ತೆ ನಡುಗಲು ನೋಡಿತು. ಈ ಸಲ ಮಾತಿನ ಬಾಲ ಮುರಿದರೆ ಸಾಯುವುದು ಮರಿಯಲ್ಲ. ಹಲ್ಲು ಕಚ್ಚಿ, ಕಳೆದುಹೋದ ಆ ಕಾಗದವನ್ನು ಬಾಯಿಪಾಠ ಒಪ್ಪಿಸತೊಡಗಿದೆ.

"ಅದಕ್ಕ ನಜಲಾ ಅಂತಾರ. ಮೊದಲ ತಿಳಿನೀರ ಬರ್ತದ, ಆಮ್ಯಾಲ ಹಳದಿ ಕೀವ. ರೆಪ್ಪಿ ಅಂಟತಾವ. ನಾಲಿಗಿ ಮ್ಯಾಲ ಹುಣ್ಣ ಆಗ್ತಾವ. ಎದಿಗಿ ಇಳೀತಂದ್ರ ಸೀನ ಹಿಂಗೇ ಮನಷ್ಯಾರ ಸೀನಿದಂಗ ದೊಡ್ಡದಾಗ್ತದ." ಅಲ್ಲಿಯವರೆಗಿನದು ಬಹುಪಾಲು ಹಕೀಮರ ಮಾತು. ಆಮೇಲಿನದು ನನ್ನದು. "ಮನಷ್ಯಾರಿಗೂ ಹತ್ತತದ. ಗಾಳಿಯಿಂದನೇ ಹತ್ತತದ. ನಮ್ಮ ಮನ್ಯಾಗ ಮೂರ ಸತ್ತಾವ. ಮೊದಲ ಕಣ್ಣ ಹೋಗ್ತಾವ."

ಹಿಂದಿನ ಸಾಲು ಸರಿಯಿತು. ಮುಂದಿನವನ ಒಂದು ಕಾಲು ಇನ್ನೂ ಹೊಸ್ತಿಲ ಮೇಲಿತ್ತು.

"ಮತ್ತ ಒಂಟಿ ಸೀನ ಆಗೇದ," ಎಂದಳು ಅತ್ತೆ, ಯಾರಿಗೂ ಅಲ್ಲದಂತೆ. "ದಾಟೋರು ದಾಟ್ರಿ."

ಕಾಲು ಹಿಂದೆ ಬಂತು. ಮೂವರೂ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತರು, ಕೊಡಲಿಯನ್ನು ಪಕ್ಕದಲ್ಲಿಟ್ಟು. ಕುಡಿಯಲು ನೀರು ಕೇಳಿದರು. ಅತ್ತೆ ತಂಬಿಗೆ ತಂದು ಕೊಟ್ಟಳು. ಆ ನೀರು ಗಂಟಲಲ್ಲಿ ಇಳಿಯುವ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಬೂಬು ಎಂಟು ದಿನ ತೊಗರಿಯ ಕೋಣೆಯಲ್ಲಿದ್ದಳು. ಯಖನಿ ಇರಲಿಲ್ಲ, ಮರಿ ಅವಳ ಕೈಯಿಂದ ಹಾಲು ರೊಟ್ಟಿಯನ್ನೇ ತಿನ್ನಲು ಕಲಿಯಿತು, ಅವಳೂ ಅದನ್ನೇ ತಿಂದಳು. ಒಂದು ಕಣ್ಣಿಗೆ ಮಂಜು ಉಳಿಯಿತು, ಜೀವ ಉಳಿಯಿತು. ಆಮೇಲೆ ಅವಳ ತಮ್ಮನ ಮಗ ಬಂದು ಅವಳನ್ನು ರೋಜಾಕ್ಕೆ ಕರೆದುಕೊಂಡು ಹೋದ. ಗೋಡೆಯಾಚೆಯ ಮನೆ ಖಾಲಿ ಬಿತ್ತು. ಬೇವಿನ ಟೊಂಗೆಯನ್ನು ಅತ್ತೆ ಸಾಯುವವರೆಗೂ ಕಡಿಯಲಿಲ್ಲ, ಕಡಿಯಲು ಯಾರಿಗೂ ಬಿಡಲಿಲ್ಲ. ಬಂದವರಿಗೆಲ್ಲ ಬೆಕ್ಕನ್ನು ತೋರಿಸಿ, "ನದರ ತಗದ ಮ್ಯಾಲೇ ಉಳೀತು ನೋಡ್ರಿ," ಎನ್ನುತ್ತಿದ್ದಳು. ನಾನು ತಿದ್ದಲಿಲ್ಲ. ಗಾಳಿಯಿಂದ ಮನುಷ್ಯರಿಗೆ ಹತ್ತುತ್ತದೆ ಎಂದು ಹೇಳಿದ ಕಾಲೇಜಿನವನಿಗೆ ತಿದ್ದುವ ಬಾಯಿ ಎಲ್ಲಿಯದು?

ಮುಂದೆ ಆ ಮೂವರು ಊರಿನ ದೊಡ್ಡವರಾದರು. ನಿಜಾಮನ ವಿರುದ್ಧ ತಾವು ಮಾಡಿದ ಹೋರಾಟವನ್ನು ಶಾಲೆಯ ಮಕ್ಕಳಿಗೆ ಹೇಳುತ್ತಿದ್ದರಂತೆ. ಸೀನಿನ ಸುದ್ದಿ ಅದರಲ್ಲಿ ಇರಲಿಕ್ಕಿಲ್ಲ.

ನಾನು ಈ ಕಥೆ ಹೇಳುವಾಗಲೆಲ್ಲ ಜನ ತಂಬಿಗೆಯ ನೀರಿನವರೆಗೆ ಕೇಳಿ ನಗುತ್ತಾರೆ, ನಿಟ್ಟುಸಿರು ಬಿಡುತ್ತಾರೆ. ಅಲ್ಲಿಗೆ ನಿಲ್ಲಿಸಿದರೆ ಅವರಿಗೆ ಸಮಾಧಾನ. ಆದರೆ ನೀರು ಕುಡಿದ ಮೇಲೆ ಆ ಮೂವರು ಬಾಯಿ ಒರೆಸಿಕೊಂಡು, ಶಕುನದ ದೋಷ ಕಳೆಯಿತೆಂದು ಚಪ್ಪಲಿ ಮೆಟ್ಟಿ, ಕೊಡಲಿ ಎತ್ತಿಕೊಂಡು ಹಿಂದಿನ ಓಣಿಗೆ, ಟಾಂಗಾದವರು ಬಳೆಗಾರರು ಇದ್ದ ಓಣಿಗೆ, ಹೋದರು.

ಆ ಓಣಿಯಲ್ಲಿ ಯಾವ ಮರಿಯೂ ಸೀನಲಿಲ್ಲ.